ಕೊನೇ ಗದ್ದೆಗೆ ನೀರು ಬರಲಿಲ್ಲವೆಂದರೆ

ಇಂಗ್ಲೆಂಡಿನಲ್ಲಿ ಹಳೇ ಕಾರುಗಳ ಹುಚ್ಚು ಹತ್ತಿಸಿಕೊಂಡವರ ನಡುವೆ ಒಂದು ಜೋಕು ಓಡಾಡುತ್ತದೆ. ಆಬಿಂಗ್ಡನ್ನಿನ ಎಂಜಿ ಕಾರ್ಖಾನೆಯಲ್ಲಿ ಮೊದಲು ಹೀಟರ್ ಪೆಟ್ಟಿಗೆಯನ್ನು ಸೂರಿಗೆ ನೇತುಹಾಕಿ, ಆಮೇಲೆ ಅದರ ಸುತ್ತ ಕಾರು ಕಟ್ಟುತ್ತಿದ್ದರಂತೆ. ಎಂಜಿಬಿಯ ಹೀಟರ್ ಬಿಚ್ಚಲು ಹೋಗಿ ಬೆರಳ ಗೆಣ್ಣು ತರಚಿಸಿಕೊಂಡವರು ಇದನ್ನು ಕೇಳಿ ನಗುವುದಿಲ್ಲ, ಹೌದೆಂದು ತಲೆಯಾಡಿಸುತ್ತಾರೆ. ಬಾನೆಟ್ ಎತ್ತಿದರೆ ಪೆಟ್ಟಿಗೆಯೇನೋ ಎದುರಿಗೇ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಕೂತಿರುತ್ತದೆ. ನಾಲ್ಕು ಸ್ಕ್ರೂ ತೆಗೆದರೆ ಕೈಗೆ ಬಂದುಬಿಡುತ್ತದೆ ಅನ್ನಿಸುತ್ತದೆ. ಆದರೆ ಅದರ ಬುಡ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ. ಅಲ್ಲಿಗೆ ಕೈ ತಲುಪಬೇಕಾದರೆ ಸೀಟಿನ ಮೇಲೆ ಕಾಲು, ಪೆಡಲ್ಲುಗಳ ಹತ್ತಿರ ತಲೆ ಇಟ್ಟುಕೊಂಡು ಅಂಗಾತ ಮಲಗಬೇಕು. ಹೀಟರ್ ಕೆಟ್ಟಿತು ಎಂದೊಡನೆ ಈ ಪೆಟ್ಟಿಗೆಗೇ ಕೈ ಹಾಕುವವರು ಬಹಳ ಮಂದಿ. ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು, ಅದೂ ಬೇರೆ ದಾರಿಯೇ ಇಲ್ಲ ಎಂದಾಗ.

ಎಂಜಿಬಿ ಲಂಡನ್ ಮೋಟಾರ್ ಷೋದಲ್ಲಿ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ. ತೆರೆದ ಮೈಯ ಎರಡು ಸೀಟಿನ ಕಾರು. 1965ರಲ್ಲಿ ಅದಕ್ಕೇ ಗಟ್ಟಿ ಸೂರು ಹಾಕಿ ಜಿಟಿ ಎಂದು ಬಿಟ್ಟರು. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಎರಡೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ಹೊರಬಂದಿದ್ದವು. ಎಂಜಿನ್ನು 1798 ಸಿಸಿಯದು, ಬಿಎಂಸಿ ಕಂಪನಿಯ 'ಬಿ-ಸೀರೀಸ್' ವಂಶದ್ದು. ಆ ವಂಶ ನಮಗೆ ಅಪರಿಚಿತವಲ್ಲ. ಉತ್ತರಪಾರಾದಿಂದ ಬಂದು ನಮ್ಮ ಸರ್ಕಾರಿ ಕಚೇರಿಗಳ ಮುಂದೆಲ್ಲ ದಶಕಗಟ್ಟಲೆ ನಿಂತಿದ್ದ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನು ಇದರದೇ ದಾಯಾದಿ. ಅಂಬಾಸಿಡರ್ ಬಿಚ್ಚಿ ಕೈ ಪಳಗಿಸಿಕೊಂಡ ದಾವಣಗೆರೆಯ ಮೇಸ್ತ್ರಿಯನ್ನು ಎಂಜಿಬಿಯ ಬಾನೆಟ್ ಮುಂದೆ ನಿಲ್ಲಿಸಿದರೆ ಅರ್ಧ ಸಾಮಾನು ಅವನಿಗೆ ಗುರುತಿನದೇ ಆಗಿರುತ್ತದೆ.

ಹೀಟರ್ ಮಾತ್ರ ಹೊಸದಾಗಿ ಕಂಡೀತು. ಅಷ್ಟೇಕೆ, ಮೊದಮೊದಲ ಎಂಜಿಬಿಗಳಲ್ಲಿ ಹೀಟರನ್ನು ಬೇಕಾದವರು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾಗಿತ್ತು. ವರ್ಷದಲ್ಲಿ ಅರ್ಧ ಭಾಗ ಸ್ವೆಟರ್ ತೆಗೆಯದ ದೇಶದಲ್ಲಿ ಬಿಸಿಗಾಳಿಗೆ ಪ್ರತ್ಯೇಕ ಬಿಲ್ಲು! ಸ್ಪೋರ್ಟ್ಸ್ ಕಾರು ಓಡಿಸುವ ಗಂಡಸು ಗಡಗಡ ನಡುಗುವುದೂ ಆಟದ ಭಾಗ ಎಂದು ತಯಾರಕರು ನಂಬಿದ್ದಂತೆ ಕಾಣುತ್ತದೆ. ಪೆಟ್ಟಿಗೆಯನ್ನು ಮಾಡುತ್ತಿದ್ದದ್ದು ಸ್ಮಿತ್ಸ್ ಕಂಪನಿ. 1851ರಲ್ಲಿ ಲಂಡನ್ನಿನಲ್ಲಿ ಗಡಿಯಾರದ ಅಂಗಡಿಯಾಗಿ ಶುರುವಾಗಿ, ಸ್ಪೀಡೋಮೀಟರಿಗೆ ಬಂದು, ಅಲ್ಲಿಂದ ಹೀಟರಿಗೂ ಕೈ ಚಾಚಿದ ಸಂಸ್ಥೆ ಅದು. ಆ ಕಾಲದ ಬ್ರಿಟಿಷ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಆ ಹೆಸರು ಇಲ್ಲದ ಗಡಿಯಾರ, ಮೀಟರು ಸಿಗುವುದು ಅಪರೂಪ.

ಹೀಟರೆಂದರೆ ಕೈಕಾಲು ಬೆಚ್ಚಗಿಡುವ ಶೋಕಿಯಷ್ಟೇ ಅಂದುಕೊಳ್ಳಬಾರದು. ಆಷಾಢದ ಮಳೆಯಲ್ಲಿ ಕಾರಿನ ತುಂಬ ಜನ ಕೂರಿಸಿಕೊಂಡು ಚಾರ್ಮಾಡಿ ಹತ್ತಿದವರಿಗೆ ಗೊತ್ತು, ಮುಂದಿನ ಗಾಜು ಒಳಗಿನಿಂದ ಹೇಗೆ ಮಂಜುಗಟ್ಟುತ್ತದೆ ಎಂದು. ಈಗಿನ ಕಾರುಗಳಲ್ಲಿ ಏಸಿ ಒತ್ತಿದರೆ ಗಾಳಿಯ ತೇವ ಹೀರಿ ಗಾಜು ತಿಳಿಯಾಗುತ್ತದೆ. ಏಸಿ ಇಲ್ಲದ ಹಳೇ ಕಾರಿಗೆ ಇರುವ ದಾರಿ ಒಂದೇ, ಗಾಜಿಗೆ ಬಿಸಿಗಾಳಿ ಊದುವುದು. ಅದೂ ಇಲ್ಲವೆಂದರೆ ಬಟ್ಟೆ ಹಿಡಿದು ಒರೆಸುತ್ತ ಕೂರಲು ಪಕ್ಕದಲ್ಲೊಬ್ಬರು ಬೇಕು. ಬ್ರಿಟನ್ನಿನ ಹೈವೇ ಕೋಡ್‌ನಲ್ಲಿ 229ನೇ ನಿಯಮ ಇದನ್ನು ಖಡಾಖಂಡಿತವಾಗಿ ಹೇಳಿದೆ: ಹಿಮದ ದಿನ ಗಾಡಿ ತೆಗೆಯುವ ಮುಂಚೆ ಎಲ್ಲ ಗಾಜುಗಳ ಹಿಮ ಕೆರೆದಿರಬೇಕು, ಮಂಜು ಬಿಟ್ಟಿರಬೇಕು, ಕಣ್ಣಿಗೆ ದಾರಿ ಕಾಣಬೇಕು. ಹೀಟರ್ ಕೆಟ್ಟ ಕಾರನ್ನು ಜನವರಿಯಲ್ಲಿ ರಸ್ತೆಗಿಳಿಸುವುದು ಸಾಹಸವಲ್ಲ, ತಪ್ಪು.

ಕೊವೆಂಟ್ರಿ ಹತ್ತಿರ ಇರುವ ನಮ್ಮ ಭಾವನ ಹತ್ತಿರ 1971ರ ಜಿಟಿ ಇದೆ. ಅವರು ಹುಟ್ಟಿ ಬೆಳೆದದ್ದು ಭದ್ರಾ ನಾಲೆಯ ಕೊನೆಭಾಗದ ಊರಿನಲ್ಲಿ. ಚಳಿ ಶುರುವಾದಾಗ ಕಾರಿನಲ್ಲಿ ಬಿಸಿ ಬರುತ್ತಿಲ್ಲವೆಂದು ಒಂದು ಗ್ಯಾರೇಜಿಗೆ ತೋರಿಸಿದ್ದರು. ಅಲ್ಲಿಯವರು ಬಾನೆಟ್ ಎತ್ತಿ ಒಂದು ನೋಟ ನೋಡಿ, ಪೆಟ್ಟಿಗೆ ಇಳಿಸಿ ಒಳಗಿನ ಮ್ಯಾಟ್ರಿಕ್ಸ್ ಬದಲಿಸಬೇಕು ಎಂದು ದೊಡ್ಡದೊಂದು ಮೊತ್ತ ಹೇಳಿ ಕಳಿಸಿದ್ದರು. ಮ್ಯಾಟ್ರಿಕ್ಸ್ ಎಂದರೆ ಪೆಟ್ಟಿಗೆಯೊಳಗಿನ ಪುಟ್ಟ ರೇಡಿಯೇಟರು. ಎಂಜಿನ್ನಿನ ಬಿಸಿನೀರು ಅದರಲ್ಲಿ ಹರಿಯುತ್ತದೆ, ಫ್ಯಾನು ಅದರ ಮೂಲಕ ಗಾಳಿ ದಬ್ಬುತ್ತದೆ, ಆ ಗಾಳಿ ಬಿಸಿಯಾಗಿ ಒಳಗೆ ಬರುತ್ತದೆ.

ಭಾವನಿಗೆ ಆ ಮಾತು ಹಿಡಿಸಲಿಲ್ಲ. "ನಮ್ಮೂರಾಗೆ ಕೊನೇ ಗದ್ದೆಗೆ ನೀರು ಬರ್ಲಿಲ್ಲ ಅಂದ್ರೆ ಗದ್ದೆ ಕೆಟ್ಟೈತಿ ಅಂತೀವೇನಪ್ಪಾ? ನಾಲೆ ಹಿಡ್ಕೊಂಡು ಮೇಲಕ್ಕೆ ನಡೀತೀವಿ" ಅಂದರು.

ಅಚ್ಚುಕಟ್ಟಿನ ಮಗ ಆಡಿದ ಈ ಮಾತಿಗಿಂತ ಒಳ್ಳೆಯ ರಿಪೇರಿ ಸೂತ್ರವನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ನೀರಿನ ದಾರಿ

ಎಂಜಿಬಿಯಲ್ಲಿ ನಾಲೆ ಹೀಗೆ ಹರಿಯುತ್ತದೆ. ಮುಂದುಗಡೆಯ ಪಂಪು ನೀರನ್ನು ಎಂಜಿನ್ ಬ್ಲಾಕಿಗೆ ತಳ್ಳುತ್ತದೆ. ಅದು ಸಿಲಿಂಡರುಗಳನ್ನು ಸುತ್ತಿ ಮೇಲಿನ ಹೆಡ್ಡಿಗೆ ಏರುತ್ತದೆ. ಹೆಡ್ಡಿನ ಮುಂತುದಿಯಲ್ಲಿ ಥರ್ಮೋಸ್ಟಾಟ್ ಕಾವಲು ನಿಂತಿದೆ. ನೀರು ಸಾಕಷ್ಟು ಕಾಯುವವರೆಗೂ ಅದು ದೊಡ್ಡ ರೇಡಿಯೇಟರಿಗೆ ದಾರಿ ಬಿಡುವುದಿಲ್ಲ. ಹೀಟರಿನ ದಾರಿ ಇರುವುದು ಹೆಡ್ಡಿನ ಇನ್ನೊಂದು ತುದಿಯಲ್ಲಿ, ಹಿಂಭಾಗದಲ್ಲಿ. ಅಲ್ಲಿ ಬೋಲ್ಟ್ ಹಾಕಿ ಕೂರಿಸಿದ ಒಂದು ವಾಲ್ವಿದೆ. ಡ್ಯಾಶ್‌ಬೋರ್ಡಿನ ಗುಂಡಿ ತಿರುವಿದರೆ ಒಂದು ಕೇಬಲ್ ಆ ವಾಲ್ವಿನ ಕಿವಿ ಹಿಡಿದು ಎಳೆಯುತ್ತದೆ. ವಾಲ್ವ್ ತೆರೆದರೆ ನೀರು ರಬ್ಬರ್ ಹೋಸಿನಲ್ಲಿ ಮ್ಯಾಟ್ರಿಕ್ಸಿಗೆ ಹೋಗಿ, ಇನ್ನೊಂದು ಹೋಸು ಮತ್ತು ಲೋಹದ ಕೊಳವೆಯ ಮೂಲಕ ರೇಡಿಯೇಟರಿನ ಕೆಳಗಿನ ಹೋಸಿಗೆ ಸೇರಿ ಪಂಪಿಗೆ ಮರಳುತ್ತದೆ. ಥರ್ಮೋಸ್ಟಾಟ್ ಮುಚ್ಚಿದ್ದಾಗಲೂ ಈ ದಾರಿ ತೆರೆದೇ ಇರುವುದರಿಂದ, ಸರಿಯಾಗಿರುವ ಕಾರಿನಲ್ಲಿ ರೇಡಿಯೇಟರು ತಣ್ಣಗಿರುವಾಗಲೇ ಹೀಟರು ಬೆಚ್ಚಗಾಗತೊಡಗುತ್ತದೆ.

ಸ್ಪ್ಯಾನರ್ ಮುಟ್ಟುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಗಾಳಿ ಬರುತ್ತಿಲ್ಲವೋ, ಬರುವ ಗಾಳಿ ತಣ್ಣಗಿದೆಯೋ? ಗಾಳಿಯೇ ಇಲ್ಲವೆಂದರೆ ಅದು ಫ್ಯಾನಿನ, ಕರೆಂಟಿನ, ಕೊಳವೆಗಳ ತಾಪತ್ರಯ. ಗಾಳಿ ಇದ್ದು ತಣ್ಣಗಿದ್ದರೆ ನೀರಿನ ತಾಪತ್ರಯ. ಎರಡನ್ನೂ ಕಲಸಿಕೊಂಡು ಫ್ಯೂಸ್ ಬದಲಿಸುತ್ತ, ನೀರು ಬಸಿಯುತ್ತ ಭಾನುವಾರವಿಡೀ ಕಳೆಯುವವರಿದ್ದಾರೆ. ಭಾವನ ಕಾರಿನಲ್ಲಿ ಫ್ಯಾನು ಭರ್ರೆನ್ನುತ್ತಿತ್ತು, ಗಾಳಿ ಬರುತ್ತಿತ್ತು, ಆದರೆ ಹೊರಗಿನ ಗಾಳಿಯಷ್ಟೇ ತಣ್ಣಗೆ.

ಆಮೇಲೆ ಎಂಜಿನ್ನೇ ಕಾಯುತ್ತಿದೆಯೇ ಎಂಬ ಪ್ರಶ್ನೆ. ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚದೆ ನಿಂತುಬಿಟ್ಟರೆ ನೀರೆಲ್ಲ ಸದಾ ರೇಡಿಯೇಟರ್ ಸುತ್ತಿ ತಣ್ಣಗಾಗುತ್ತಲೇ ಇರುತ್ತದೆ, ಎಂಜಿನ್ ಬೆಚ್ಚಗಾಗುವುದೇ ಇಲ್ಲ, ಹೀಟರಿಗೆ ಕೊಡಲು ಅದರ ಹತ್ತಿರ ಏನೂ ಇರುವುದಿಲ್ಲ. ಪರೀಕ್ಷೆ ಸುಲಭ. ತಣ್ಣಗಿರುವ ಎಂಜಿನ್ ಶುರು ಮಾಡಿ ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟುತ್ತಿರಬೇಕು. ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿದೆ. ಮೊದಲಿನಿಂದಲೇ ನಿಧಾನವಾಗಿ ಉಗುರುಬೆಚ್ಚಗಾಗುತ್ತ ಹೋದರೆ ಅದು ತೆರೆದೇ ಇದೆ, ಇಲ್ಲವೇ ಅಲ್ಲಿ ಥರ್ಮೋಸ್ಟಾಟೇ ಇಲ್ಲ.

ಇಲ್ಲದೇ ಇರುವುದು ಹೇಗೆ ಎಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಎಂಜಿನ್ ಬಿಸಿಯಾಗುತ್ತದೆ ಎಂದು ಗಿರಾಕಿ ದೂರಿದರೆ ಥರ್ಮೋಸ್ಟಾಟ್ ಕಿತ್ತು ಮೂಲೆಗೆಸೆಯುವುದು ನಮ್ಮ ಗ್ಯಾರೇಜುಗಳ ಹಳೇ ರೂಢಿ. ಬಿಸಿಲೂರಿನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಚಳಿಯ ದೇಶದಲ್ಲಿ ಎಂಜಿನ್ ಸದಾ ಅರೆಬೆಚ್ಚಗೆ ಓಡಿ ಪೆಟ್ರೋಲ್ ಕುಡಿಯುತ್ತದೆ, ಎಣ್ಣೆ ಕೆಡಿಸಿಕೊಳ್ಳುತ್ತದೆ, ಒಳಗೆ ಕೂತವರು ಮರಗಟ್ಟುತ್ತಾರೆ. ಎಂಜಿಬಿಗೆ ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವ ಥರ್ಮೋಸ್ಟಾಟ್. ಸೆಕೆಯ ದೇಶಗಳಿಗೆ 74ರದು, ಕಡುಚಳಿಗೆ 88ರದು. ಆ ಅಂಕಿಯನ್ನು ಥರ್ಮೋಸ್ಟಾಟಿನ ಮೈಮೇಲೇ ಒತ್ತಿರುತ್ತಾರೆ.

ಬಿಚ್ಚುವಾಗ ಮಾತ್ರ ಅವಸರ ಕೂಡದು. ಥರ್ಮೋಸ್ಟಾಟಿನ ಮೇಲಿನ ಅಲ್ಯೂಮಿನಿಯಂ ಮುಚ್ಚಳ ಮೂರು ಉಕ್ಕಿನ ಸ್ಟಡ್ಡುಗಳ ಮೇಲೆ ಕೂತಿರುತ್ತದೆ. ಐವತ್ತು ವರ್ಷದಲ್ಲಿ ಎರಡೂ ಲೋಹ ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ಜೋರು ಮಾಡಿದರೆ ಸ್ಟಡ್ಡು ಹೆಡ್ಡಿನೊಳಗೇ ಮುರಿಯುತ್ತದೆ, ಆಮೇಲೆ ಹೀಟರಿನ ಕತೆ ಮರೆತು ಡ್ರಿಲ್ ಹುಡುಕಬೇಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಸುಮ್ಮನೆ ಏಳುತ್ತದೆ. ಭಾವನದು ಎದ್ದಿತು. ಅವರು ಥರ್ಮೋಸ್ಟಾಟನ್ನು ಅಡುಗೆಮನೆಗೆ ಒಯ್ದು, ಅಕ್ಕ ಹಾಲು ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು ದಾರ ಕಟ್ಟಿ ಇಳಿಬಿಟ್ಟರು. ಅಡುಗೆ ಥರ್ಮಾಮೀಟರು 80 ದಾಟುತ್ತಿದ್ದಂತೆ ಹಿತ್ತಾಳೆಯ ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಥರ್ಮೋಸ್ಟಾಟ್ ನಿರ್ದೋಷಿ. ಪಾತ್ರೆ ಮಾತ್ರ ಅಂದೇ ಅಡುಗೆಮನೆಯಿಂದ ಗ್ಯಾರೇಜಿಗೆ ಗಡೀಪಾರಾಯಿತು. ಅಕ್ಕ ಮಾಡಿದ್ದು ಸರಿಯೇ. ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ಬೆಕ್ಕು ನಾಯಿಗಳು ಸಾಯುವುದುಂಟು.

ಎರಡು ಹೋಸು, ಒಂದು ಕೈ

ಇಲ್ಲಿಂದ ಮುಂದೆ ಉಪಕರಣ ಬೇಡ, ಅಂಗೈ ಸಾಕು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಗುಂಡಿ ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಮ್ಯಾಟ್ರಿಕ್ಸಿಗೆ ಹೋಗುವ ಮತ್ತು ಬರುವ ಎರಡೂ ಹೋಸುಗಳನ್ನು ಮುಟ್ಟಬೇಕು. ಸುತ್ತುವ ಫ್ಯಾನು, ಬೆಲ್ಟುಗಳಿಂದ ತೋಳು ದೂರವಿರಲಿ. ಎರಡೂ ಹೋಸು ಬಿಸಿಯಿದ್ದರೆ ನೀರು ಹರಿಯುತ್ತಿದೆ, ದೋಷ ಗಾಳಿಯ ಕಡೆಗಿದೆ. ಹೋಗುವುದು ಬಿಸಿ, ಬರುವುದು ತಣ್ಣಗೆ ಎಂದರೆ ಮ್ಯಾಟ್ರಿಕ್ಸ್ ಕಟ್ಟಿಕೊಂಡಿದೆ ಅಥವಾ ಅದರೊಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ಮ್ಯಾಟ್ರಿಕ್ಸಿನ ತನಕ ನೀರು ಬರುತ್ತಲೇ ಇಲ್ಲ. ಕೆಲವು ಕಾರುಗಳಲ್ಲಿ ಮುಟ್ಟುವ ಮೊದಲು ಕಣ್ಣು ಹಾಯಿಸಿದರೂ ಸಾಕು. ಮ್ಯಾಟ್ರಿಕ್ಸ್ ಸೋರಿದಾಗ ಹಿಂದಿನ ಮಾಲೀಕ ಎರಡೂ ಹೋಸು ಕಿತ್ತು ಒಂದಕ್ಕೊಂದು ಜೋಡಿಸಿ, ಹೀಟರನ್ನೇ ದಾರಿಯಿಂದ ಹೊರಗಿಟ್ಟು, ಕಾರು ಮಾರುವಾಗ ಆ ಮಾತೆತ್ತದೆ ಹೋಗಿರುತ್ತಾನೆ.

ಭಾವನ ಕಾರಿನಲ್ಲಿ ಎರಡೂ ತಣ್ಣಗಿದ್ದವು. ಹೊಸ ಮ್ಯಾಟ್ರಿಕ್ಸ್ ಹಾಕಿಸಿದ್ದರೆ ಅದೂ ತಣ್ಣಗೇ ಇರುತ್ತಿತ್ತು, ದುಡ್ಡು ಮಾತ್ರ ಹೋಗಿರುತ್ತಿತ್ತು.

ಆಗ ಉಳಿದದ್ದು ವಾಲ್ವು. ಒಬ್ಬರು ಒಳಗೆ ಕೂತು ಗುಂಡಿ ತಿರುವಬೇಕು, ಇನ್ನೊಬ್ಬರು ಹೊರಗೆ ವಾಲ್ವಿನ ಕಿವಿ ನೋಡಬೇಕು. ನಾನು ಗುಂಡಿ ತಿರುವಿದೆ. "ಅರ್ಧಕ್ಕೇ ನಿಲ್ತೈತಿ ನೋಡು" ಎಂದು ಭಾವ ಹೊರಗಿನಿಂದ ಕೂಗಿದರು. ಕೇಬಲ್ಲಿನ ಹೊರಕವಚ ಅದರ ಕ್ಲಿಪ್ಪಿನಲ್ಲಿ ಜಾರುತ್ತಿತ್ತು. ಗುಂಡಿ ತಿರುಗಿದಾಗ ಒಳಗಿನ ತಂತಿಯ ಬದಲು ಕವಚವೇ ಹಿಂದಕ್ಕೆ ಬಾಗುತ್ತಿತ್ತು. ಕ್ಲಿಪ್ ಬಿಗಿ ಮಾಡಿದ ಮೇಲೆ ಕಿವಿ ಪೂರ್ತಿ ತಿರುಗಿತು. ಇಷ್ಟಕ್ಕೇ ಸರಿಹೋಗುವ ಕಾರುಗಳು ಎಷ್ಟೋ. ಇದು ಹೋಗಲಿಲ್ಲ.

ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಬುಡಕ್ಕೆ ಬಕೆಟ್ ಇಟ್ಟು ರೇಡಿಯೇಟರ್ ಕ್ಯಾಪ್ ತೆಗೆದರು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಇದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ. ವಾಲ್ವಿನಿಂದ ಹೋಸ್ ಕಳಚಿ ವಾಲ್ವ್ ತೆರೆದರು. ಹೆಡ್ಡಿನಲ್ಲಿ ನೀರು ತುಂಬಿರುವಾಗ ಅಲ್ಲಿಂದ ಧಾರೆಯಾಗಿ ಬರಬೇಕು. ನಲ್ಲಿ ನಿಲ್ಲಿಸಿದ ಮೇಲೆ ಜಿನುಗುವಷ್ಟು ಬಂದು ನಿಂತಿತು. ವಾಲ್ವನ್ನೇ ಬಿಚ್ಚಿದರೆ ಅದರ ಹಿಂದಿನ ಗ್ಯಾಸ್ಕೆಟ್ ಪುಡಿಪುಡಿಯಾಗಿ ಬಂತು. ಹೆಡ್ಡಿನಲ್ಲಿ ಬೆರಳು ತೂರುವಷ್ಟು ತೂತು ಇರಬೇಕಾದ ಜಾಗದಲ್ಲಿ ಚಾಕೊಲೇಟ್ ಬಣ್ಣದ ಹೂಳು ಗಟ್ಟಿಯಾಗಿ ಕೂತಿತ್ತು. ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿಯನ್ನು ನೇರ ಮಾಡಿ ಭಾವ ಚುಚ್ಚತೊಡಗಿದರು. ಮೊದಲು ಪುಡಿ ಉದುರಿತು, ಆಮೇಲೆ ಉಗುರಿನಷ್ಟಗಲದ ತುಕ್ಕಿನ ಚಕ್ಕೆಗಳು, ಕೊನೆಗೆ ಗೊಳಕ್ಕನೆ ಕೆಂಪುನೀರು ಹಾರಿ ಅವರ ಅಂಗಿಯ ತೋಳನ್ನು ತೋಯಿಸಿತು.

ಈ ಹೂಳು ಎಲ್ಲಿಂದ ಬರುತ್ತದೆ? ಎಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಎರಕದ ಕಬ್ಬಿಣ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ಆದರೆ ಅದಕ್ಕೂ ಆಯುಷ್ಯವಿದೆ. ಕೆಲವು ವರ್ಷಕ್ಕೊಮ್ಮೆ ಬದಲಿಸದೆ ಬರೀ ನಲ್ಲಿನೀರು ಹೊಯ್ಯುತ್ತ ಬಂದರೆ ಕಬ್ಬಿಣ ಒಳಗಿಂದೊಳಗೇ ತುಕ್ಕು ಬಿಡುತ್ತದೆ. ನೀರಿನ ಓಟ ನಿಧಾನವಾದ ಕಡೆ ಅದು ತಂಗುತ್ತದೆ. ಪಂಪಿನಿಂದ ಅತಿ ದೂರದ ಜಾಗ ಎಂಜಿನ್ನಿನ ಹಿಂಭಾಗ, ಹೀಟರ್ ವಾಲ್ವ್ ಇರುವುದೂ ಅಲ್ಲೇ. ಬ್ಲಾಕಿನ ಬುಡದಲ್ಲಿ ನೀರು ಬಸಿಯಲು ಒಂದು ನಲ್ಲಿಯುಂಟು. ಭಾವ ಅದನ್ನೂ ತಿರುಗಿಸಿದರು, ಒಂದು ತೊಟ್ಟೂ ಬರಲಿಲ್ಲ. ಅದೇ ಹ್ಯಾಂಗರ್ ತಂತಿ, ಅದೇ ಕೆಂಪುನೀರು. ಎಷ್ಟೋ ಮಾಲೀಕರು ರೇಡಿಯೇಟರಿನ ನೀರನ್ನಷ್ಟೇ ಬಸಿದು 'ಕೂಲಂಟ್ ಬದಲಿಸಿದೆ' ಅನ್ನುತ್ತಾರೆ. ಬ್ಲಾಕಿನೊಳಗೆ ಹಳೆಯದು ಹಾಗೇ ನಿಂತಿರುತ್ತದೆ.

ಆಮೇಲೆ ತೋಟಕ್ಕೆ ನೀರು ಬಿಡುವ ಪೈಪು ತಂದು, ಮಾಮೂಲು ದಿಕ್ಕಿಗೆ ವಿರುದ್ಧವಾಗಿ, ಹೊರಬರುವ ಹೋಸಿನ ಕಡೆಯಿಂದ ಮ್ಯಾಟ್ರಿಕ್ಸಿಗೆ ಮೆಲ್ಲಗೆ ನೀರು ಬಿಟ್ಟರು. ಮೆಲ್ಲಗೆ ಎಂಬುದನ್ನು ಒತ್ತಿ ಹೇಳಬೇಕು. ತಾಮ್ರ, ಹಿತ್ತಾಳೆಯ ಹಳೇ ಮ್ಯಾಟ್ರಿಕ್ಸಿನ ಬೆಸುಗೆಗಳು ಕಡಿಮೆ ಒತ್ತಡಕ್ಕೆ ಮಾಡಿದವು. ನಲ್ಲಿಯನ್ನು ಪೂರ್ತಿ ತಿರುಗಿಸಿ ನುಗ್ಗಿಸಿದರೆ ಕಟ್ಟಿದ್ದು ಬಿಡುವ ಬದಲು ಬೆಸುಗೆ ಬಿಡುತ್ತದೆ. ಇನ್ನೊಂದು ಹೋಸಿನಿಂದ ಚಹಾ ಬಣ್ಣದ ನೀರು ಬಂತು, ತಿಳಿಯಾಗುವವರೆಗೂ ಬಿಟ್ಟರು.

ಮತ್ತೆ ತುಂಬುವಾಗ ಇನ್ನೊಂದು ತೊಡಕಿದೆ. ನೀರು ಹೊಯ್ದ ಕೂಡಲೇ ಎಲ್ಲ ಮೂಲೆಗೂ ಹೋಗುವುದಿಲ್ಲ. ಮ್ಯಾಟ್ರಿಕ್ಸಿನಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪು ಎಷ್ಟು ತಳ್ಳಿದರೂ ನೀರು ಸಾಗದು. ಏರ್ ಲಾಕ್ ಅನ್ನುವುದು ಇದನ್ನೇ. ಹೀಟರ್ ವಾಲ್ವ್ ಪೂರ್ತಿ ತೆರೆದಿಟ್ಟು, ಕಾರಿನ ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿ, ಹೋಸುಗಳನ್ನು ಹಿಂಡುತ್ತ ನಿಧಾನವಾಗಿ ತುಂಬಬೇಕು. ಹೊರಬರುವ ಹೋಸನ್ನು ಕಳಚಿ, ಅದರಲ್ಲಿ ನೀರು ಕಾಣಿಸುವವರೆಗೂ ಮ್ಯಾಟ್ರಿಕ್ಸಿಗೆ ನೇರವಾಗಿ ಹೊಯ್ದು ಆಮೇಲೆ ಜೋಡಿಸುವುದು ಇನ್ನೂ ಖಾತ್ರಿಯ ಉಪಾಯ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟದು. ಬರೀ ನೀರಾದರೆ ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬಿ ಮ್ಯಾಟ್ರಿಕ್ಸನ್ನೂ, ಅದೃಷ್ಟ ಕೆಟ್ಟಿದ್ದರೆ ಬ್ಲಾಕನ್ನೂ ಸೀಳುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿ, ವಾಲ್ವ್ ಕೂರಿಸಿ, ಎಂಜಿನ್ ಕಾಯಿಸಿದ ಮೇಲೆ ಭಾವ ಮತ್ತೆ ಹೋಸು ಮುಟ್ಟಿದರು. ಹೋಗುವುದು ಬಿಸಿ. ಬರುವುದೂ ಬಿಸಿ. ಖರ್ಚಾದದ್ದು ಒಂದು ಗ್ಯಾಸ್ಕೆಟ್ಟು, ಒಂದು ಕ್ಯಾನು ಕೂಲಂಟು, ಒಂದು ಅಂಗಿ, ಒಂದು ಹಾಲಿನ ಪಾತ್ರೆ.

ಗಾಳಿಯ ಕಡೆ

ಬಿಸಿ ಬಂದಿತಾದರೂ ಗಾಜಿನ ಮೇಲೆ ಗಾಳಿ ಸಾಲದು. ಫ್ಯಾನು ಹಾಕಿದಾಗ ಡ್ಯಾಶ್‌ಬೋರ್ಡಿನ ಮೇಲಿನ ಸೀಳುಗಳಿಂದ ಕಪ್ಪು ಪುಡಿ ಹಾರಿ ಭಾವನ ಕನ್ನಡಕದ ಮೇಲೆ ಕೂತಿತು. ಎಂಜಿಬಿ ಇಟ್ಟುಕೊಂಡವರೆಲ್ಲ ಈ ಪುಡಿಯನ್ನು ಬಲ್ಲರು. ಪೆಟ್ಟಿಗೆಯೊಳಗೆ ಮ್ಯಾಟ್ರಿಕ್ಸಿನ ಸುತ್ತ, ಗಾಳಿ ತಿರುಗಿಸುವ ಬಾಗಿಲುಗಳ ಅಂಚಿಗೆ ಫೋಮ್ ಅಂಟಿಸಿರುತ್ತಾರೆ. ಕಾಲ ಕಳೆದಂತೆ ಅದು ಕರಗಿ ಪುಡಿಯಾಗುತ್ತದೆ. ಆಗ ಗಾಳಿ ಮ್ಯಾಟ್ರಿಕ್ಸಿನ ಮೂಲಕ ಹೋಗದೆ ಪಕ್ಕದ ಸಂದಿಯಿಂದ ತಪ್ಪಿಸಿಕೊಳ್ಳುತ್ತದೆ, ಗಾಜಿಗೆ ಹೋಗಬೇಕಾದದ್ದು ಕಾಲಿಗೆ ಸೋರುತ್ತದೆ. ಇದಕ್ಕೆ ಪೆಟ್ಟಿಗೆ ಇಳಿಸುವುದನ್ನು ಬಿಟ್ಟು ಮದ್ದಿಲ್ಲ. ಗ್ಯಾರೇಜಿನವರು ಹೇಳಿದ ಕೆಲಸವೇ ಕೊನೆಗೆ ಬೇಕಾಯಿತಲ್ಲ ಎಂದರೆ, ಬೇಕಾದದ್ದು ಬೇರೆ ಕಾರಣಕ್ಕೆ. ಅದು ಬೇಸಿಗೆಯಲ್ಲಿ, ಪುರುಸೊತ್ತಿನಲ್ಲಿ ಮಾಡಬಹುದಾದ ಕೆಲಸ. ಹಾಗೆ ಇಳಿಸಿದಾಗ ಮ್ಯಾಟ್ರಿಕ್ಸು, ಫೋಮು, ಮೋಟಾರು ಎಲ್ಲವನ್ನೂ ಒಟ್ಟಿಗೆ ನೋಡಿಬಿಡುವುದು ಜಾಣತನ. ಅದಕ್ಕೆ ಎರಡನೇ ಸಲ ಕೈ ಹಾಕುವ ಮನಸ್ಸು ಯಾರಿಗೂ ಇರುವುದಿಲ್ಲ.

ಪೆಟ್ಟಿಗೆ ಇಳಿಸುವ ಮುಂಚೆ ನೋಡಬೇಕಾದ ಚಿಲ್ಲರೆ ಸಂಗತಿಗಳೂ ಇವೆ. ಪೆಟ್ಟಿಗೆಯಿಂದ ಗಾಜಿನ ಬುಡಕ್ಕೆ ಹೋಗುವ ಮಡಿಕೆ ಮಡಿಕೆಯ ಕೊಳವೆಗಳು ಕಳಚಿ ಡ್ಯಾಶ್‌ಬೋರ್ಡಿನ ಹಿಂದೆ ಬಿದ್ದಿರುತ್ತವೆ. ರೇಡಿಯೋ ಹಾಕಿದವರು ಅವನ್ನು ಪಕ್ಕಕ್ಕೆ ಸರಿಸಿ ಮರೆತಿರುತ್ತಾರೆ. ಕಾಲಿನ ಬಳಿ ಕೈಯಿಂದ ತೆರೆದು ಮುಚ್ಚುವ ಪುಟ್ಟ ಬಾಗಿಲುಗಳಿರುವುದು ಎಷ್ಟೋ ಹೊಸ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಗಾಜಿನ ಮುಂದಿನ ಜಾಲರಿಯಿಂದ ಒಳಬರುವ ಮಳೆನೀರು ಹೊರಹೋಗಲು ಒಂದು ರಬ್ಬರ್ ಕೊಳವೆಯಿದೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಅದು ಎಲೆ ಕಸದಿಂದ ಕಟ್ಟಿಕೊಂಡು ನೀರು ಒಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಅದನ್ನು ಕಂಡು ಮ್ಯಾಟ್ರಿಕ್ಸ್ ಸೋರಿತು ಎಂದು ಗಾಬರಿಯಾಗುವವರಿದ್ದಾರೆ. ಬೆರಳು ಅದ್ದಿ ಮೂಸಿ ನೋಡಿದರೆ ತಿಳಿಯುತ್ತದೆ. ಕೂಲಂಟಾದರೆ ಸಿಹಿವಾಸನೆ, ಕೈಗೆ ಅಂಟಂಟು, ಗಾಜಿನ ಒಳಮೈ ಮೇಲೂ ಜಿಡ್ಡಿನ ಪೊರೆ.

ಫ್ಯಾನು ತಿರುಗದಿದ್ದರೆ ಮೋಟಾರನ್ನು ಬೈಯುವ ಮುಂಚೆ ಕರೆಂಟಿನ ದಾರಿಯನ್ನೂ ಹೀಗೇ ಹಿಡಿದು ನಡೆಯಬೇಕು. ಬ್ರಿಟಿಷ್ ಕಾರುಗಳಲ್ಲಿ ತಂತಿಯ ಬಣ್ಣವೇ ವಿಳಾಸ. ಕಂದು ನೇರವಾಗಿ ಬ್ಯಾಟರಿಯದು, ಬಿಳಿ ಇಗ್ನಿಷನ್ನಿನದು, ಹಸಿರು ಇಗ್ನಿಷನ್ ದಾಟಿ ಫ್ಯೂಸ್ ಮೂಲಕ ಬಂದದ್ದು, ಕಪ್ಪು ಅರ್ತ್. ಹೀಟರ್ ಫ್ಯಾನು ಹಸಿರಿನ ಮನೆಯದು. ಕೆಟ್ಟಿರುವುದು ಬಹುಪಾಲು ಫ್ಯೂಸಿನ ಹಿತ್ತಾಳೆ ಹಿಡಿಕೆಯಲ್ಲಿ, ತಂತಿ ಜೋಡಿಸುವ ಬುಲೆಟ್ ಕನೆಕ್ಟರಿನಲ್ಲಿ, ಇಲ್ಲವೇ ಅರ್ತ್ ತಂತಿಯ ತುದಿಯಲ್ಲಿ. ಮೂರು ಕಡೆಯೂ ಹಸಿರು ಕಿಲುಬು ಹಿಡಿದಿರುತ್ತದೆ, ಉಜ್ಜಿದರೆ ಫ್ಯಾನು ಎದ್ದು ಕೂರುತ್ತದೆ. ಫ್ಯೂಸ್ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಆ ಕಾಲದ ಬ್ರಿಟಿಷ್ ಗಾಜಿನ ಫ್ಯೂಸ್ ಮೇಲಿನ 35 ಆಂಪಿಯರ್ ಎಂಬುದು ಅದು ಸುಟ್ಟುಹೋಗುವ ಅಳತೆ. ನಿರಂತರವಾಗಿ ಅದು ತಡೆದುಕೊಳ್ಳುವುದು ಅದರ ಅರ್ಧವನ್ನಷ್ಟೇ. ಬೇರೆ ದೇಶದ ಫ್ಯೂಸುಗಳಲ್ಲಿ ನಿರಂತರ ಅಳತೆಯನ್ನೇ ಬರೆದಿರುತ್ತಾರೆ. ಅಂಕಿ ಒಂದೇ ಎಂದು ಅದನ್ನು ತುರುಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಡುತ್ತದೆ. ಇನ್ನು 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್. ಅಂಥ ಕಾರನ್ನು ಈಗಿನ ಪದ್ಧತಿಗೆ ತಿರುಗಿಸಿದವರು ಶಾಶ್ವತ ಅಯಸ್ಕಾಂತದ ಮೋಟಾರಿನ ತಂತಿಗಳನ್ನು ಅದಲುಬದಲು ಮಾಡದಿದ್ದರೆ ಫ್ಯಾನು ಹಿಮ್ಮುಖ ತಿರುಗುತ್ತದೆ. ಸದ್ದಿರುತ್ತದೆ, ಗಾಳಿ ಸಾಲದು.

ನೀರೇ ಇಲ್ಲದ ಕಾರು

ಇಷ್ಟೆಲ್ಲ ನೀರಿನ ಮಾತು ಫೋಕ್ಸ್‌ವ್ಯಾಗನ್ ಬೀಟಲಿಗೆ ಅನ್ವಯಿಸುವುದಿಲ್ಲ. ಅದರ ಎಂಜಿನ್ ತಣ್ಣಗಾಗುವುದೇ ಗಾಳಿಯಿಂದ. 1963ರ ಮಾದರಿಯಿಂದ ಸೈಲೆನ್ಸರಿಗೆ ಹೋಗುವ ಹೊಗೆಕೊಳವೆಯ ಸುತ್ತ ತಗಡಿನ ಕವಚವಿಟ್ಟು, ಅದರಲ್ಲಿ ಹಾಯ್ದು ಬಿಸಿಯಾದ ಗಾಳಿಯನ್ನು ಬಾಗಿಲ ಹೊಸಿಲ ಕೆಳಗಿನ ಪೊಳ್ಳು ದಾರಿಯಿಂದ ಮುಂದಕ್ಕೆ ಕಳಿಸುತ್ತಾರೆ. ಅಲ್ಲಿ ದೋಷಗಳ ಪಟ್ಟಿ ಬೇರೆ. ಕಾರಿನ ಉದ್ದಕ್ಕೂ ಹೊಟ್ಟೆಯಡಿ ಹೋಗುವ ಕೇಬಲ್ಲು ತುಕ್ಕು ಹಿಡಿದು ಕದಲುವುದಿಲ್ಲ, ಹೊಸಿಲಿನ ಪೊಳ್ಳುದಾರಿ ಕೊಳೆತು ತೂತಾಗಿ ಗಾಜು ಮುಟ್ಟುವ ಮುಂಚೆಯೇ ಬಿಸಿಯೆಲ್ಲ ರಸ್ತೆಗೆ ಸೋರುತ್ತದೆ. ಇವಕ್ಕೆ ಚಳಿ ತಡೆದುಕೊಂಡರಾಯಿತು. ಆದರೆ ಕವಚದೊಳಗಿನ ಹೊಗೆಕೊಳವೆಯೇ ತೂತಾದರೆ ಹೀಟರಿನ ಜೊತೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೀಟಲಿನಲ್ಲಿ ಹೀಟರ್ ಹಾಕಿದಾಗ ತಲೆ ಭಾರವಾದರೆ, ನಿದ್ದೆ ತೂಗಿದರೆ, ಹೊಗೆ ನಾತ ಬಂದರೆ ಕಿಟಕಿ ಇಳಿಸಿ, ಹೀಟರ್ ಮುಚ್ಚಿ, ಕಾರು ನಿಲ್ಲಿಸಿ ಕೆಳಗಿಳಿಯಬೇಕು. ಎಂಜಿಬಿಯ ಹೀಟರ್ ಕೆಟ್ಟರೆ ಅದು ರಗಳೆ. ಬೀಟಲಿನ ಹೀಟರ್ ಕೆಟ್ಟರೆ ಅದನ್ನು ಮನೆಯಂಗಳದ ಪ್ರಯೋಗಕ್ಕೆ ಒಡ್ಡಬಾರದು.

ನೀರಿನ ಹೀಟರಿಗೆ ಇನ್ನೊಂದು ಉಪಯೋಗವಿದೆ, ಘಟ್ಟ ಹತ್ತಿಸುವ ನಮ್ಮ ಹಳೇ ಡ್ರೈವರುಗಳೂ ಬಲ್ಲದ್ದು. ಮ್ಯಾಟ್ರಿಕ್ಸ್ ಎಂದರೆ ಎರಡನೇ ರೇಡಿಯೇಟರಲ್ಲವೇ? ಎಂಜಿನ್ ಕುದಿಯುವ ಹಂತಕ್ಕೆ ಬಂದಾಗ ಹೀಟರ್ ಪೂರ್ತಿ ತೆರೆದು ಫ್ಯಾನು ಹಾಕಿದರೆ ಒಂದಿಷ್ಟು ಬಿಸಿ ಒಳಗಿನಿಂದ ಇಳಿದುಹೋಗಿ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಳಗೆ ಬರುತ್ತದೆ. ವಾಲ್ವನ್ನು ವರ್ಷವಿಡೀ ಆಗಾಗ ತೆರೆದು ಮುಚ್ಚುತ್ತಿದ್ದರೆ ಅದರ ಕಿವಿಯೂ ಬಿಗಿಯುವುದಿಲ್ಲ, ಹಿಂದೆ ಹೂಳೂ ನಿಲ್ಲುವುದಿಲ್ಲ. ಹೀಟರ್ ಸರಿಯಾದ ಮೇಲೆ ಭಾವನಿಗೆ ಇದೊಂದು ಗೀಳಾಗಿದೆ. ಜುಲೈ ತಿಂಗಳ ಬಿಸಿಲಿನಲ್ಲಿ ಮೋಟರ್‌ವೇ ಜಾಮ್ ಆಗಿ ಕಾರು ತೆವಳತೊಡಗಿದರೆ ಸಾಕು, ಮುಳ್ಳು ಮೇಲೇರುವ ಮುಂಚೆಯೇ ಗುಂಡಿ ತಿರುವುತ್ತಾರೆ. ಗಾಜು ಪೂರ್ತಿ ಇಳಿಸಿದ್ದರೂ ಒಳಗೆ ಬೇಯುವಂತಾಗುತ್ತದೆ.

"ಚಳಿಗಾಲ್ದಾಗೆ ನಡುಗಿಸಿದ್ದು ಸಾಲ್ದು ಅಂತ ಈಗ ಬೇಯಿಸ್ತಿದ್ದೀರಾ?" ಎಂದಳು ಅಕ್ಕ.

"ಎಂಜಿನ್ನಿಗೆ ಒಳ್ಳೇದು ಕಣೇ" ಎಂದರು ಭಾವ.

"ಹಂಗಾದ್ರೆ ಎಂಜಿನ್ನಿನ ಜತೀಗೇ ಹೋಗ್ರಿ" ಎಂದು ಅಕ್ಕ ಮೋಟರ್‌ವೇ ಪಕ್ಕದ ಮುಂದಿನ ತಂಗುದಾಣದಲ್ಲಿ ಇಳಿದು ಐಸ್‌ಕ್ರೀಮ್ ಕೊಳ್ಳಲು ನಡೆದಳು. ಹಾಲಿನ ಪಾತ್ರೆಯ ಬಾಕಿಯನ್ನೂ ಆ ಬಿಲ್ಲಿಗೇ ಸೇರಿಸಿದಳು.